ಶಸ್ತ್ರಚಿಕಿತ್ಸೆಗೆ ಮುನ್ನ ಕೈಗೆ ಬರುವ ಪ್ರಶ್ನಾವಳಿ: ರೋಗಿಯ ಆತಂಕವನ್ನು ಅಳೆಯುವುದು ಹೇಗೆ?

ಆಪರೇಷನ್‌ಗೆಂದು ದಾಖಲಾದವರಿಗೆ ರಕ್ತಪರೀಕ್ಷೆ, ಇಸಿಜಿ, ಎಕ್ಸ್‌ರೇ ಯಾಕೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವುಗಳ ಜೊತೆ ಇನ್ನೊಂದು ಹಾಳೆ ಬಂದಾಗ ಮಾತ್ರ ಗೊಂದಲವಾಗುತ್ತದೆ. ಮನಸ್ಸು ಬಿಗಿದುಕೊಂಡಂತೆ ಅನಿಸುತ್ತಿದೆಯೇ, ಮೊದಲು ಖುಷಿ ಕೊಡುತ್ತಿದ್ದ ಸಂಗತಿಗಳು ಈಗಲೂ ಖುಷಿ ಕೊಡುತ್ತವೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿರುತ್ತವೆ. ಪಿತ್ತಕೋಶ ತೆಗೆಸಿಕೊಳ್ಳಲು ಬಂದವರನ್ನು ಇದೆಲ್ಲ ಯಾಕೆ ಕೇಳಬೇಕು? ಕೆಲವೊಮ್ಮೆ ಆ ಹಾಳೆಯ ಹಿಂದೆಯೇ ಒಂದು ಸಮ್ಮತಿ ಪತ್ರವೂ ಇರುತ್ತದೆ: ಅಧ್ಯಯನವೊಂದರಲ್ಲಿ ಭಾಗವಹಿಸಲು ಒಪ್ಪಿಗೆಯಿದೆಯೇ ಎಂದು.

ಶಸ್ತ್ರಚಿಕಿತ್ಸೆಯ ಸುತ್ತಲಿನ ಆರೈಕೆ ರೋಗಿಯ ಮನಸ್ಸಿಗೆ ಏನು ಮಾಡುತ್ತದೆ, ಆ ಮನಸ್ಸಿನ ಸ್ಥಿತಿ ನೋವಿಗೂ ಗಾಯ ಮಾಯುವುದಕ್ಕೂ ಏನು ಮಾಡುತ್ತದೆ ಎಂದು ಹುಡುಕುವ ಸಂಶೋಧನೆಯ ಭಾಗ ಇದು. ರೋಗಿಯ ಭಯ ಕಡಿಮೆ ಮಾಡುವುದು ಅಷ್ಟೇನೂ ಕಷ್ಟವಲ್ಲ. ಭಯ ಕಡಿಮೆಯಾದದ್ದು ನಾವು ಮಾಡಿದ್ದರಿಂದಲೇ ಎಂದು ತೋರಿಸಿಕೊಡುವುದು ಕಷ್ಟ. ಈ ಕ್ಷೇತ್ರದ ಹೆಚ್ಚಿನ ಕಸರತ್ತು ಇರುವುದು ಅಲ್ಲಿಯೇ.

## ಮೊದಲು ಮಾತುಗಳನ್ನು ಬೇರ್ಪಡಿಸೋಣ

ಭಯಕ್ಕೆ ಕಣ್ಣೆದುರು ಒಂದು ಕಾರಣವಿರುತ್ತದೆ: ಸೂಜಿ, ಮುಖಕ್ಕೆ ಹಿಡಿಯುವ ಮಾಸ್ಕ್. ಆತಂಕ ಮುಂದೇನಾಗುವುದೋ ಎಂಬುದರ ಸುತ್ತ ತಿರುಗುತ್ತದೆ. ಅರಿವಳಿಕೆಯಿಂದ ಎಚ್ಚರವೇ ಆಗದಿದ್ದರೆ? ಗಡ್ಡೆ ಕ್ಯಾನ್ಸರ್ ಆಗಿದ್ದರೆ? ಖಿನ್ನತೆ ಬೇರೆಯೇ ಸಂಗತಿ. ವಾರಗಟ್ಟಲೆ ಉಳಿಯುವ ನಿರುತ್ಸಾಹ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಅದರ ಗುರುತು. ನಾಲ್ಕನೆಯದು ಸನ್ನಿ, ವೈದ್ಯರ ಬಾಯಲ್ಲಿ ಡೆಲಿರಿಯಂ. ಆಪರೇಷನ್ ಆದ ಗಂಟೆಗಳಲ್ಲೋ ದಿನಗಳಲ್ಲೋ ಹಠಾತ್ತಾಗಿ ಬರುವ ಗೊಂದಲದ ಸ್ಥಿತಿ ಇದು, ವಯಸ್ಸಾದವರಲ್ಲಿ ಹೆಚ್ಚು.

'ಮಾನಸಿಕ ಆರೋಗ್ಯ ಸುಧಾರಿಸಿತು' ಎಂಬ ಸುದ್ದಿ ಓದಿದಾಗ ಈ ನಾಲ್ಕರಲ್ಲಿ ಯಾವುದು ಎಂದು ಕೇಳಬೇಕು. ಆತಂಕ ತಗ್ಗಿಸಿದ ಉಪಾಯ ಖಿನ್ನತೆಯನ್ನು ಮುಟ್ಟದೆಯೇ ಹೋಗಿರಬಹುದು.

## ಮನಸ್ಸಿನ ಒತ್ತಡ ಗಾಯಕ್ಕೆ ತಟ್ಟುವ ದಾರಿ

ಆತಂಕಗೊಂಡ ದೇಹ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತದೆ. ಎದೆಬಡಿತ, ರಕ್ತದೊತ್ತಡ ಏರುತ್ತವೆ, ಸ್ನಾಯುಗಳು ಬಿಗಿಯುತ್ತವೆ. ಹೊಟ್ಟೆಯ ಮೇಲೆ ಹೊಲಿಗೆ ಇದ್ದವರಲ್ಲಿ ಈ ಬಿಗಿತವೇ ನೋವನ್ನು ಹೆಚ್ಚಿಸುತ್ತದೆ. ನೋವು ಮತ್ತೆ ಬಿಗಿತ ತರುತ್ತದೆ. ಇನ್ನು ಕಾರ್ಟಿಸಾಲ್. ಗಾಯವಾದ ಮೊದಲ ದಿನಗಳಲ್ಲಿ ಅಲ್ಲಿ ಉರಿಯೂತ ಬೇಕೇ ಬೇಕು, ಏಕೆಂದರೆ ಸ್ವಚ್ಛಗೊಳಿಸಿ ದುರಸ್ತಿ ಮಾಡುವ ಜೀವಕೋಶಗಳು ಅಲ್ಲಿಗೆ ಬರುವುದೇ ಆ ಸಂಕೇತದಿಂದ. ಕಾರ್ಟಿಸಾಲ್ ಆ ಸಂಕೇತವನ್ನು ತಗ್ಗಿಸುತ್ತದೆ.

ಇದು ಬರೀ ಊಹೆಯಲ್ಲ. 1995ರಲ್ಲಿ ಅಮೆರಿಕದಲ್ಲಿ ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರಿಗೂ, ಅಂಥ ಹೊಣೆಯಿಲ್ಲದ ಅದೇ ವಯಸ್ಸಿನ 13 ಮಹಿಳೆಯರಿಗೂ ತೋಳಿನಲ್ಲಿ 3.5 ಮಿಲಿಮೀಟರ್ ಅಗಲದ ಸಣ್ಣ ಗಾಯ ಮಾಡಿ ಕಾಯಲಾಯಿತು. ಹೊಣೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. 1998ರಲ್ಲಿ 11 ದಂತವೈದ್ಯ ವಿದ್ಯಾರ್ಥಿಗಳ ಬಾಯಿಯ ಅಂಗುಳದಲ್ಲಿ ಅಷ್ಟೇ ಗಾತ್ರದ ಗಾಯವನ್ನು ಎರಡು ಸಲ ಮಾಡಿದರು: ಒಮ್ಮೆ ರಜೆಯಲ್ಲಿ, ಒಮ್ಮೆ ಪರೀಕ್ಷೆಗೆ 3 ದಿನ ಮುಂಚೆ. ಪರೀಕ್ಷೆಯ ಕಾಲದ ಗಾಯ ಮಾಯಲು ಶೇ 40ರಷ್ಟು ಹೆಚ್ಚು ಸಮಯ ತೆಗೆದುಕೊಂಡಿತು. ಎರಡೂ ಚಿಕ್ಕ ಅಧ್ಯಯನಗಳೇ. ಎರಡನೆಯದರ ಗಟ್ಟಿತನವಿರುವುದು, ಒಬ್ಬನೇ ವ್ಯಕ್ತಿಯನ್ನು ಅವನೊಂದಿಗೇ ಹೋಲಿಸಿದ್ದರಲ್ಲಿ. ವಯಸ್ಸು, ಆಹಾರ, ಮೈಕಟ್ಟುಗಳ ವ್ಯತ್ಯಾಸ ಅಡ್ಡಬರಲಿಲ್ಲ.

## ಅಳತೆಗೋಲುಗಳು

ಮನಸ್ಸಿಗೆ ಥರ್ಮಾಮೀಟರ್ ಇಲ್ಲ. ಇರುವುದು ಪ್ರಶ್ನಾವಳಿಗಳು, ಒಂದೊಂದಕ್ಕೂ ಒಂದೊಂದು ಉದ್ದೇಶ.

ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು 1983ರಲ್ಲಿ ಪ್ರಕಟವಾದ 'ಹ್ಯಾಡ್ಸ್'. ಒಟ್ಟು 14 ಪ್ರಶ್ನೆ. 7 ಆತಂಕಕ್ಕೆ, 7 ಖಿನ್ನತೆಗೆ. ಪ್ರತಿ ಪ್ರಶ್ನೆಗೆ 0ಯಿಂದ 3ರವರೆಗೆ ಅಂಕ, ಹೀಗಾಗಿ ಆತಂಕಕ್ಕೂ ಖಿನ್ನತೆಗೂ ಬೇರೆಬೇರೆಯಾಗಿ 0ಯಿಂದ 21. ಅಂಕ 7 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ, 8ರಿಂದ 10 ಗಡಿರೇಖೆ, 11 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಜ್ಞರು ನೋಡಬೇಕಾದ ಮಟ್ಟ. ಇದರ ಜಾಣತನ ಇರುವುದು ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ. ಹಸಿವಿಲ್ಲವೇ, ನಿದ್ದೆಯಿಲ್ಲವೇ, ಸುಸ್ತೇ ಎಂದು ಕೇಳಿದರೆ ಹೊಟ್ಟೆಯ ಆಪರೇಷನ್ ಆದ ಮೂರನೇ ದಿನ ಯಾರಾದರೂ ಹೌದೆನ್ನುತ್ತಾರೆ. ಅದು ಖಿನ್ನತೆಯಲ್ಲ, ಆಪರೇಷನ್ನಿನ ಪರಿಣಾಮ. ಆದ್ದರಿಂದ ಇಂಥ ದೈಹಿಕ ಲಕ್ಷಣಗಳನ್ನು ಹ್ಯಾಡ್ಸ್‌ನಿಂದ ಹೊರಗಿಟ್ಟಿದ್ದಾರೆ. 9 ಪ್ರಶ್ನೆಗಳ, 0ಯಿಂದ 27 ಅಂಕದ 'ಪಿಎಚ್‌ಕ್ಯೂ-9' ಖಿನ್ನತೆ ಪತ್ತೆಗೆ ಬಹಳ ಬಳಕೆಯಲ್ಲಿದೆ, ಆದರೆ ನಿದ್ದೆ, ಹಸಿವು, ಸುಸ್ತು ಅದರೊಳಗೆ ಇವೆ. ಆಪರೇಷನ್ ಆದ ವಾರವೇ ಅದನ್ನು ತುಂಬಿಸಿ 'ಅರ್ಧದಷ್ಟು ರೋಗಿಗಳಿಗೆ ಖಿನ್ನತೆ' ಎಂದು ಬರೆದರೆ ಆ ಲೆಕ್ಕವನ್ನು ಅನುಮಾನದಿಂದಲೇ ನೋಡಬೇಕು.

ಶಸ್ತ್ರಚಿಕಿತ್ಸೆಗೆಂದೇ ರೂಪಿಸಿದ ಚಿಕ್ಕ ಅಳತೆಗೋಲು ಆಮ್‌ಸ್ಟರ್‌ಡ್ಯಾಂನಲ್ಲಿ ಹುಟ್ಟಿದ, 1996ರಲ್ಲಿ ಪ್ರಕಟವಾದ 'ಎಪಿಎಐಎಸ್'. ಅದರಲ್ಲಿರುವುದು ಆರೇ ಹೇಳಿಕೆ, ಒಂದೊಂದಕ್ಕೆ 1ರಿಂದ 5 ಅಂಕ. ಎರಡು ಅರಿವಳಿಕೆಯ ಆತಂಕಕ್ಕೆ, ಎರಡು ಆಪರೇಷನ್ನಿನ ಆತಂಕಕ್ಕೆ. ಉಳಿದೆರಡು ಕೇಳುವುದು ರೋಗಿಗೆ ಎಷ್ಟು ಮಾಹಿತಿ ಬೇಕು ಎಂದು. ಆ ಎರಡರ ಮೊತ್ತ 2ರಿಂದ 4 ಬಂದವರಿಗೆ ವಿವರ ಬೇಕಿಲ್ಲ, 8ರಿಂದ 10 ಬಂದವರಿಗೆ ಎಲ್ಲವೂ ಬೇಕು. ಬೇಡವೆನ್ನುವವರ ಮುಂದೆ ಕುಳಿತು ಪ್ರತಿ ಅಪಾಯವನ್ನೂ ಬಿಡಿಸಿ ಹೇಳಿದರೆ ಇಲ್ಲದ ಆತಂಕವನ್ನು ತಂದುಕೊಟ್ಟಂತೆ. ಬೇಕೆನ್ನುವವರಿಗೆ 'ನಾವಿದ್ದೇವೆ, ಚಿಂತೆ ಮಾಡಬೇಡಿ' ಎಂದಷ್ಟೇ ಹೇಳಿ ಹೋದರೂ ಅಷ್ಟೇ.

ಸಂಶೋಧನಾ ವರದಿಗಳಲ್ಲಿ ಪದೇ ಪದೇ ಬರುವ ಇನ್ನೊಂದು ಹೆಸರು 'ಎಸ್‌ಟಿಎಐ'. 20 ಪ್ರಶ್ನೆಗಳ ಎರಡು ಭಾಗ ಅದರದು. ಒಂದು ಈ ಗಳಿಗೆಯ ಆತಂಕಕ್ಕೆ, ಇನ್ನೊಂದು ಸ್ವಭಾವದಲ್ಲೇ ಇರುವ ಆತಂಕಕ್ಕೆ. ಪ್ರತಿ ಭಾಗಕ್ಕೂ 20ರಿಂದ 80 ಅಂಕ. ಮಳೆ ಈಗ ಬರುತ್ತಿದೆಯೇ ಎಂಬುದಕ್ಕೂ ಇದು ಮಳೆ ಬೀಳುವ ಪ್ರದೇಶವೇ ಎಂಬುದಕ್ಕೂ ಇರುವಷ್ಟೇ ವ್ಯತ್ಯಾಸ. ಆರೈಕೆ ಬದಲಾಯಿಸಿ ತಗ್ಗಿಸಬಹುದಾದದ್ದು ಮೊದಲನೆಯದನ್ನು. ಎರಡನೆಯದು ಒಂದೆರಡು ದಿನದಲ್ಲಿ ಬದಲಾಗುವಂಥದ್ದಲ್ಲ.

ಯಾವಾಗ ಅಳೆದರು ಎಂಬುದೂ ಮುಖ್ಯ. ಹಿಂದಿನ ಸಂಜೆ, ಥಿಯೇಟರಿಗೆ ಕರೆದೊಯ್ಯುವ ಮುಂಚಿನ ಅರ್ಧ ಗಂಟೆ, ಮರುದಿನ, ಆರು ವಾರದ ನಂತರ ಒಬ್ಬರೇ ನಾಲ್ಕು ಬೇರೆ ಅಂಕ ಕೊಡುತ್ತಾರೆ. ಎರಡು ಗುಂಪುಗಳನ್ನು ಬೇರೆಬೇರೆ ಹೊತ್ತಿನಲ್ಲಿ ಅಳೆದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ.

## 1964ರ ಒಂದು ಭೇಟಿ

ಈ ಕ್ಷೇತ್ರದಲ್ಲಿ ಎಲ್ಲರೂ ನೆನೆಯುವ ಅಧ್ಯಯನ ಅಮೆರಿಕದ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯದು. ಲಾರೆನ್ಸ್ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞರು ಮತ್ತು ಸಂಗಡಿಗರು ಹೊಟ್ಟೆಯ ಆಪರೇಷನ್ನಿನ 97 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನಂತೆ ಭೇಟಿ. ಇನ್ನೊಂದಕ್ಕೆ ಹಿಂದಿನ ರಾತ್ರಿಯೇ ನೋವಿನ ವಿಚಾರವನ್ನು ಬಿಚ್ಚಿ ಹೇಳಿದರು: ಎಲ್ಲಿ ನೋಯುತ್ತದೆ, ಎಷ್ಟು ಜೋರಾಗಿ, ಎಷ್ಟು ದಿನ, ಅದು ಸಹಜ, ಕಾರಣ ಹೊಲಿಗೆಯಡಿಯ ಸ್ನಾಯುಗಳು ಬಿಗಿಯುವುದು, ಅವನ್ನು ಸಡಿಲ ಬಿಡುವುದು ಹೀಗೆ, ಮಗ್ಗುಲು ಬದಲಿಸುವಾಗ ಹೊಟ್ಟೆಯ ಬಲ ಹಾಕದೆ ಕೈಕಾಲು ಊರಿ ತಿರುಗಬೇಕು, ಇಷ್ಟಾಗಿಯೂ ತಡೆಯದಿದ್ದರೆ ಔಷಧ ಕೇಳಿ. ಆಪರೇಷನ್ ಆದ ಮೇಲೆಯೂ ಬಂದು ಇದನ್ನೇ ನೆನಪಿಸಿದರು.

ವಿಶೇಷ ಭೇಟಿ ಸಿಕ್ಕವರು ಮಾರ್ಫಿನ್ ಜಾತಿಯ ಔಷಧವನ್ನು ಸುಮಾರು ಅರ್ಧದಷ್ಟೇ ಬಳಸಿದರು, ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಯಾವಾಗ ಡಿಸ್ಚಾರ್ಜ್ ಮಾಡಬೇಕೆಂದು ತೀರ್ಮಾನಿಸಿದ ಸರ್ಜನ್‌ಗಳಿಗೆ ಯಾವ ರೋಗಿ ಯಾವ ಗುಂಪಿನವರೆಂದು ಗೊತ್ತಿರಲಿಲ್ಲ. ಈ ಕೊನೆಯ ವಾಕ್ಯ ಸಣ್ಣದಾಗಿ ಕಂಡರೂ ಆ ಫಲಿತಾಂಶಕ್ಕೆ ಬೆಲೆ ಬಂದಿರುವುದು ಅದರಿಂದ. ಗೊತ್ತಿದ್ದಿದ್ದರೆ, 'ಇವರಿಗೆ ವಿಶೇಷ ಆರೈಕೆ ಆಗಿದೆಯಲ್ಲ' ಎಂದುಕೊಂಡೇ ಬೇಗ ಕಳಿಸಿಬಿಡುವ ಸಾಧ್ಯತೆ ಇತ್ತು.

## ಕಾಗೆ ಕೂತದ್ದು, ಕೊಂಬೆ ಮುರಿದದ್ದು

ತೀರಾ ಸಾಮಾನ್ಯವಾದ ತಪ್ಪು ಇದು. ಐವತ್ತು ರೋಗಿಗಳಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು. ಆಪರೇಷನ್‌ಗೆ ಮೊದಲು ಆತಂಕದ ಅಂಕ 12 ಇತ್ತು, ಮೂರು ದಿನದ ನಂತರ 6. ತೀರ್ಮಾನ: ವ್ಯಾಯಾಮ ಫಲ ಕೊಟ್ಟಿತು.

ನಿಜಕ್ಕೂ ಏನಾಯಿತು? ಆಪರೇಷನ್ ಮುಗಿಯಿತು. ಎಚ್ಚರವಾಯಿತು, ಜೀವ ಉಳಿಯಿತು ಎಂಬ ಸಮಾಧಾನಕ್ಕೇ ಅಂಕ ಇಳಿದಿರಬಹುದು, ವ್ಯಾಯಾಮವಿದ್ದರೂ ಇಲ್ಲದಿದ್ದರೂ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವುದು ಇದಕ್ಕೇ. ಇದರ ಮೇಲೆ ಇನ್ನೊಂದು ತೊಡಕಿದೆ. ಆತಂಕ ತುಂಬ ಹೆಚ್ಚಿರುವವರನ್ನೇ ಆರಿಸಿಕೊಂಡರೆ, ಏನೂ ಮಾಡದಿದ್ದರೂ ಎರಡನೇ ಅಳತೆಯಲ್ಲಿ ಅವರ ಸರಾಸರಿ ಇಳಿದೇ ಇಳಿಯುತ್ತದೆ, ಏಕೆಂದರೆ ಅವರಲ್ಲಿ ಕೆಲವರು ಆ ದಿನವಷ್ಟೇ ವಿಪರೀತ ಗಾಬರಿಯಲ್ಲಿದ್ದರು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯ ಕಡೆಗೆ ಮರಳುವುದು ಎನ್ನುತ್ತಾರೆ. ಅದಕ್ಕೇ ಹೋಲಿಕೆ ಗುಂಪು ಬೇಕು: ಅದೇ ಆಪರೇಷನ್, ಅದೇ ವಾರ್ಡ್, ವ್ಯಾಯಾಮ ಮಾತ್ರ ಇಲ್ಲ.

## ಗುಂಪು ಮಾಡುವ ಬಗೆ

ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡಬೇಕು. ಇವತ್ತು ಆ ಚೀಟಿಯನ್ನು ಕಂಪ್ಯೂಟರ್ ಎತ್ತುತ್ತದೆ. ಆಗ ವಯಸ್ಸು, ಓದು, ಧೈರ್ಯ, ಮನೆಯವರ ಆಸರೆ ಎಲ್ಲವೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಚೀಟಿಯನ್ನು ಮುಚ್ಚಿಡುವುದೂ ಅಷ್ಟೇ ಮುಖ್ಯ. ಮುಂದಿನ ಚೀಟಿ 'ವಿಶೇಷ ಆರೈಕೆ' ಎಂದು ಮೊದಲೇ ಗೊತ್ತಾದರೆ, ರೋಗಿಗಳನ್ನು ಸೇರಿಸಿಕೊಳ್ಳುವವರು ತಮಗರಿವಿಲ್ಲದೆಯೇ ಮಾತು ಕೇಳುವ, ಸಹಕರಿಸುವ ರೋಗಿಗಾಗಿ ಕಾಯುತ್ತಾರೆ. ಅದಕ್ಕೆ ಬೆಳಕಿಗೆ ಹಿಡಿದರೂ ಒಳಗಿನದು ಕಾಣದ, ಕ್ರಮಸಂಖ್ಯೆ ಇರುವ ಲಕೋಟೆ ಬಳಸುತ್ತಾರೆ, ಇಲ್ಲವೇ ಬೇರೆ ಕಡೆ ಕುಳಿತವರಿಗೆ ಫೋನ್ ಮಾಡಿ ಕೇಳುತ್ತಾರೆ.

ಮಾತ್ರೆಯಾದರೆ ಅದೇ ಬಣ್ಣದ ಹುಸಿಮಾತ್ರೆ ಕೊಟ್ಟು ರೋಗಿಗೂ ಗೊತ್ತಾಗದಂತೆ ಮಾಡಬಹುದು. ಸಮಾಲೋಚನೆಗೆ ಹುಸಿರೂಪ ಎಲ್ಲಿಂದ ತರುವುದು? ತನ್ನೊಂದಿಗೆ ಯಾರೋ ಅರ್ಧ ಗಂಟೆ ಕುಳಿತು ಮಾತಾಡಿದರು ಎಂದು ರೋಗಿಗೆ ತಿಳಿದೇ ತಿಳಿಯುತ್ತದೆ. ಅವರನ್ನು ನೋಯಿಸಬಾರದೆಂದು ಪ್ರಶ್ನಾವಳಿಯಲ್ಲಿ ಒಂದೆರಡು ಅಂಕ ಕಡಿಮೆ ಹಾಕುವವರೂ ಉಂಟು. ಇದಕ್ಕೆ ಎರಡು ಉಪಾಯ ಬಳಕೆಯಲ್ಲಿವೆ. ಹೋಲಿಕೆ ಗುಂಪಿನ ಜೊತೆಗೂ ಅಷ್ಟೇ ಹೊತ್ತು ಕುಳಿತು ಬೇರೇನಾದರೂ ಮಾತಾಡುವುದು ಒಂದು. ಆಗ ಫಲ ಕೊಟ್ಟದ್ದು ವ್ಯಾಯಾಮವೋ, ಬರೀ ಜೊತೆಗಿದ್ದದ್ದೋ ತಿಳಿಯುತ್ತದೆ. ಅಂಕ ದಾಖಲಿಸುವವರಿಗೆ ಗುಂಪು ತಿಳಿಯದಂತೆ ನೋಡಿಕೊಳ್ಳುವುದು ಇನ್ನೊಂದು.

ಆಸ್ಪತ್ರೆಯಲ್ಲಷ್ಟೇ ಕಾಣುವ ತೊಡಕೂ ಒಂದಿದೆ. ಅಕ್ಕಪಕ್ಕದ ಹಾಸಿಗೆಯವರು ಮಾತಾಡಿಕೊಳ್ಳುತ್ತಾರೆ. ಒಬ್ಬರಿಗೆ ಹೇಳಿಕೊಟ್ಟ ಉಸಿರಾಟದ ವ್ಯಾಯಾಮ ಸಂಜೆಯೊಳಗೆ ಇಡೀ ವಾರ್ಡಿಗೆ ಬಂದಿರುತ್ತದೆ. ಹಾಗಾದಾಗ ವ್ಯತ್ಯಾಸವೇ ಕಾಣದೆ ಹೋಗುತ್ತದೆ. ಇದನ್ನು ತಪ್ಪಿಸಲು ರೋಗಿಗಳ ಬದಲು ಇಡೀ ವಾರ್ಡುಗಳನ್ನೋ ಆಸ್ಪತ್ರೆಗಳನ್ನೋ ಚೀಟಿಗೆ ಹಾಕುತ್ತಾರೆ. ಅದಕ್ಕೆ ಹೆಚ್ಚು ರೋಗಿಗಳು ಬೇಕಾಗುತ್ತಾರೆ.

## ಎಷ್ಟು ಮಂದಿ ಸಾಕು?

ಹ್ಯಾಡ್ಸ್ ಆತಂಕದ ಅಂಕ ರೋಗಿಗಳಲ್ಲಿ ಸುಮಾರು 4 ಅಂಕದಷ್ಟು ಚದುರಿದೆ ಎಂದಿಟ್ಟುಕೊಳ್ಳಿ (ಶಾಲೆಯಲ್ಲಿ ಓದಿದ ಮಾನಕ ವಿಚಲನೆ ಇದೇ). ಎರಡು ಗುಂಪುಗಳ ನಡುವೆ 2 ಅಂಕದ ವ್ಯತ್ಯಾಸ ನಿಜವಾಗಿಯೂ ಇದ್ದರೆ, ಅದನ್ನು ಶೇ 80ರಷ್ಟು ಸಲವಾದರೂ ಹಿಡಿಯಲು, ಇಲ್ಲದ್ದನ್ನು ಇದೆಯೆನ್ನುವ ಸಾಧ್ಯತೆಯನ್ನು ಶೇ 5ಕ್ಕೆ ಕಟ್ಟಿಹಾಕಲು, ಗುಂಪಿಗೆ 64 ಮಂದಿ ಬೇಕು. ಶೇ 15ರಷ್ಟು ಜನ ನಡುವೆ ಬಿಟ್ಟುಹೋಗುತ್ತಾರೆಂದು ಲೆಕ್ಕ ಹಿಡಿದರೆ 76, ಒಟ್ಟು 152. ಹುಡುಕುತ್ತಿರುವುದು 1 ಅಂಕದ ವ್ಯತ್ಯಾಸವಾದರೆ ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು: ಗುಂಪಿಗೆ ಸುಮಾರು 250. ಗುಂಪಿಗೆ 20 ಮಂದಿ ಇಟ್ಟುಕೊಂಡು 'ಪರಿಣಾಮವಿಲ್ಲ' ಎಂದು ಘೋಷಿಸುವ ವರದಿ, ಸಣ್ಣ ಟಾರ್ಚ್ ಹಿಡಿದು ಮೈದಾನವಿಡೀ ಹುಡುಕಿ ಉಂಗುರ ಇಲ್ಲ ಎಂದಂತೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಆತಂಕ, ನೋವು, ನಿದ್ದೆ, ರಕ್ತದೊತ್ತಡ, ಔಷಧದ ಪ್ರಮಾಣ ಎಂದು ಒಂದಕ್ಕೊಂದು ಸಂಬಂಧವಿಲ್ಲದ 20 ಸಂಗತಿ ಅಳೆದರೆ, ಏನೂ ಪರಿಣಾಮವಿಲ್ಲದಿದ್ದರೂ ಒಂದಾದರೂ 'ಗಮನಾರ್ಹ' ಎಂದು ಹೊಳೆಯುವ ಸಾಧ್ಯತೆ ಶೇ 64. ಮುಖ್ಯವಾಗಿ ಏನನ್ನು ಅಳೆಯುತ್ತೇವೆ ಎಂಬುದನ್ನು ಅಧ್ಯಯನ ಶುರುವಾಗುವ ಮುನ್ನವೇ ಸಾರ್ವಜನಿಕವಾಗಿ ನೋಂದಾಯಿಸಬೇಕೆಂಬ ನಿಯಮ ಬಂದಿರುವುದು ಇದಕ್ಕೆ.

## ಇಲ್ಲಿಯವರೆಗೆ ಗೊತ್ತಾಗಿರುವುದು

ಮಾನಸಿಕ ಸಿದ್ಧತೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ಸಂಸ್ಥೆಯ ಸಮೀಕ್ಷೆ 2016ರಲ್ಲಿ ಬಂತು. ಪೂರ್ಣ ಅರಿವಳಿಕೆಯಲ್ಲಿ ಆಪರೇಷನ್ ಆದ ವಯಸ್ಕರ 105 ಅಧ್ಯಯನ, 10,302 ರೋಗಿಗಳು. ನೋವು ಮತ್ತು ನಕಾರಾತ್ಮಕ ಭಾವನೆ ತಗ್ಗಬಹುದು, ಆಸ್ಪತ್ರೆವಾಸ ಸರಾಸರಿ ಅರ್ಧ ದಿನ ಕಡಿಮೆಯಾಗಬಹುದು ಎಂಬುದು ಅದರ ತೀರ್ಮಾನ. ಆಧಾರದ ಗುಣಮಟ್ಟ ಮಾತ್ರ ಕಡಿಮೆ ಅಥವಾ ತೀರಾ ಕಡಿಮೆ. 1964ರ 2.7 ದಿನ ಇಲ್ಲಿ ಅರ್ಧ ದಿನವಾಗಿದೆ. ಮೊದಲ ಅಧ್ಯಯನ ಸುಳ್ಳೆಂದು ಇದರರ್ಥವಲ್ಲ. ಆಗ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಅವಧಿಯೇ ಉದ್ದವಿತ್ತು, ಕಡಿತಕ್ಕೆ ಜಾಗವಿತ್ತು.

ಸಂಗೀತಕ್ಕೆ ಆಧಾರ ಸಾಕಷ್ಟಿದೆ. 2013ರ ಕಾಕ್ರೇನ್ ಸಮೀಕ್ಷೆಯ 26 ಅಧ್ಯಯನ, 2,051 ರೋಗಿಗಳಲ್ಲಿ ಆಪರೇಷನ್‌ಗೆ ಮುಂಚಿನ ಆತಂಕ ಎಸ್‌ಟಿಎಐ ಮಾಪನದಲ್ಲಿ ಸರಾಸರಿ 5.72 ಅಂಕ ಕಡಿಮೆ ಬಂತು. 2015ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ 73 ಅಧ್ಯಯನಗಳ ವಿಶ್ಲೇಷಣೆ ಇನ್ನೂ ಕುತೂಹಲಕರ: ನೋವು, ಆತಂಕ ಎರಡೂ ತಗ್ಗಿದವು, ಪ್ರಜ್ಞೆ ತಪ್ಪಿಸಿದ್ದಾಗ ಹಾಡು ಹಾಕಿದ್ದರೂ ಪರಿಣಾಮ ಕಂಡಿತು. ರೋಗಿಗೆ ಅರಿವೇ ಇಲ್ಲದಾಗ 'ನನಗೆ ಹಾಡು ಕೇಳಿಸಿದರು' ಎಂಬ ನಿರೀಕ್ಷೆ ಕೆಲಸ ಮಾಡಲಾರದು. ಹೋಲಿಕೆ ಗುಂಪಿನ ಕಿವಿಗೂ ಸದ್ದಿಲ್ಲದ ಹೆಡ್‌ಫೋನ್ ಹಾಕಿಡಬಹುದು. ಆಸ್ಪತ್ರೆವಾಸ ಮಾತ್ರ ಕಡಿಮೆಯಾಗಲಿಲ್ಲ.

ಆತಂಕಕ್ಕೆ ಮಾತ್ರೆ ಕೊಟ್ಟರಾಯಿತಲ್ಲ ಎನ್ನಬಹುದು. ಫ್ರಾನ್ಸಿನ 5 ಆಸ್ಪತ್ರೆಗಳಲ್ಲಿ 70 ವರ್ಷದೊಳಗಿನ 1,062 ರೋಗಿಗಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಪರೀಕ್ಷಿಸಿತು: ಆಪರೇಷನ್‌ಗೆ ಮುಂಚೆ ಲೊರಾಜಿಪಾಮ್, ಹುಸಿಮಾತ್ರೆ, ಏನೂ ಇಲ್ಲ ಎಂಬ ಮೂರು ಗುಂಪು. ಲೊರಾಜಿಪಾಮ್ ಪಡೆದವರ ತೃಪ್ತಿ ಹೆಚ್ಚಲಿಲ್ಲ. ಉಸಿರಾಟದ ಕೊಳವೆ ತೆಗೆಯಲು ಅವರಿಗೆ 17 ನಿಮಿಷ ಹಿಡಿದರೆ ಹುಸಿಮಾತ್ರೆಯವರಿಗೆ 13 ನಿಮಿಷ, ಏನೂ ಪಡೆಯದವರಿಗೆ 12 ನಿಮಿಷ ಸಾಕಾಯಿತು. ಬುದ್ಧಿ ತಿಳಿಯಾಗುವುದೂ ತಡವಾಯಿತು. ಎಲ್ಲರಿಗೂ ಒಂದೇ ಸಮನೆ ಕೊಡುವ ಅಭ್ಯಾಸಕ್ಕೆ ಆದ ಪೆಟ್ಟು ಇದು. ತೀವ್ರ ಆತಂಕದ ಒಬ್ಬ ರೋಗಿಗೆ ವೈದ್ಯರು ಯೋಚಿಸಿ ಕೊಡುವುದು ಬೇರೆ ಮಾತು.

ಕಿಟಕಿಯ ಕಥೆಯನ್ನು ಅನೇಕರು ಓದಿರುತ್ತೀರಿ. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳಲ್ಲಿ ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು 7.96 ದಿನಕ್ಕೆ, ಇಟ್ಟಿಗೆ ಗೋಡೆ ಕಾಣುತ್ತಿದ್ದವರು 8.70 ದಿನಕ್ಕೆ ಮನೆಗೆ ಹೋದರೆಂದು 1984ರಲ್ಲಿ ಸಂಶೋಧಕ ರೋಜರ್ ಅಲ್ರಿಚ್ ಬರೆದರು. ಇದರಲ್ಲಿ ಚೀಟಿ ಎತ್ತಿರಲಿಲ್ಲ. ಹಳೆಯ ದಾಖಲೆಗಳಿಂದ ಒಂದೇ ಬಗೆಯ ರೋಗಿಗಳನ್ನು ಜೋಡಿ ಮಾಡಿದ್ದರು. ಚೆಂದದ ಸುಳಿವು. ಎಷ್ಟು ಪುಸ್ತಕಗಳಲ್ಲಿ ಉಲ್ಲೇಖವಾದರೂ 46 ಮಂದಿ 46 ಮಂದಿಯೇ.

ಚಿಕ್ಕ ಮಕ್ಕಳು ಪ್ರಶ್ನಾವಳಿ ತುಂಬಲಾರರು. ಅವರ ಅಳು, ಚಲನೆ, ಮುಖಭಾವ, ಅಪ್ಪ ಅಮ್ಮನನ್ನು ಹಿಡಿದುಕೊಳ್ಳುವ ರೀತಿ ನೋಡಿ ತರಬೇತಾದವರು ಅಂಕ ಹಾಕುತ್ತಾರೆ. 2007ರಲ್ಲಿ ಪ್ರಕಟವಾದ, 408 ಮಕ್ಕಳ ಪ್ರಯೋಗವೊಂದರಲ್ಲಿ ಅರಿವಳಿಕೆಯ ಮಾಸ್ಕನ್ನು ಮೊದಲೇ ಮನೆಗೆ ಕೊಟ್ಟು ಆಡಿಸಿ, ಪೋಷಕರಿಗೂ ತರಬೇತಿ ಕೊಟ್ಟ ಗುಂಪಿನ ಮಕ್ಕಳು ಮಾಸ್ಕ್ ಹಿಡಿಯುವ ಹೊತ್ತಿಗೆ ಮಂಪರಿನ ಔಷಧ ಪಡೆದ ಗುಂಪಿನವರಷ್ಟೇ ಶಾಂತವಾಗಿದ್ದರು. ಎಚ್ಚರಾದ ಮೇಲಿನ ಗೊಂದಲ ಅವರಲ್ಲಿ ಕಡಿಮೆಯಿತ್ತು.

## ಮೌನವಾಗಿರುವ ಅಜ್ಜನಿಗೆ ಬೇಸರವೋ, ಸನ್ನಿಯೋ?

ಸನ್ನಿ ಎಂದರೆ ಕೂಗಾಟ, ಕೊಳವೆ ಕೀಳುವುದು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಸುಮ್ಮನೆ ಮಲಗಿ, ಕರೆದರೆ ನಿಧಾನವಾಗಿ ಓಗೊಡುವ ಬಗೆಯೂ ಇದೆ. ಬೇಸರವಿರಬೇಕು, ನಿದ್ದೆ ಇರಬೇಕು ಎಂದುಕೊಂಡು ಅದನ್ನು ಗಮನಿಸದೆ ಬಿಡುತ್ತಾರೆ. 1990ರಲ್ಲಿ ರೂಪುಗೊಂಡ 'ಕ್ಯಾಮ್' ಎಂಬ ಪರೀಕ್ಷೆ ನಾಲ್ಕು ಅಂಶ ನೋಡುತ್ತದೆ. ಬದಲಾವಣೆ ಹಠಾತ್ತಾಗಿ ಬಂದು ಏರಿಳಿಯುತ್ತಿರಬೇಕು, ಗಮನ ನಿಲ್ಲದಿರಬೇಕು. ಈ ಎರಡು ಇರಲೇಬೇಕು. ಇವುಗಳ ಜೊತೆ ಅಸಂಬದ್ಧ ಯೋಚನೆ ಅಥವಾ ಎಚ್ಚರದ ಮಟ್ಟದಲ್ಲಿ ಏರುಪೇರು, ಒಂದಾದರೂ ಸೇರಿದರೆ ಸನ್ನಿ. ಗಮನ ನೋಡಲು ವಾರದ ದಿನಗಳನ್ನೋ ತಿಂಗಳುಗಳನ್ನೋ ಹಿಂದುಮುಂದಾಗಿ ಹೇಳಿಸುತ್ತಾರೆ.

ತಡೆಯುವ ಕೆಲಸ ಬಹುಪಾಲು ಸರಳ: ಕನ್ನಡಕ, ಶ್ರವಣ ಸಾಧನ ಕೈಗೆ ಸಿಗುವಂತಿಡುವುದು, ಸಾಕಷ್ಟು ನೀರು, ರಾತ್ರಿ ಕತ್ತಲು ಮತ್ತು ನಿದ್ದೆ, ಬೇಗ ಎಬ್ಬಿಸಿ ನಡೆಸುವುದು, ನೋವಿಗೆ ಸರಿಯಾದ ಔಷಧ, ಮಂಪರು ತರಿಸುವ ಮಾತ್ರೆ ಕಡಿಮೆ ಮಾಡುವುದು. ಸೊಂಟದ ಮೂಳೆ ಮುರಿದ 65 ದಾಟಿದ 126 ರೋಗಿಗಳಲ್ಲಿ, ವೃದ್ಧರ ತಜ್ಞರು ಇಂಥ ಸಂಗತಿಗಳನ್ನು ದಿನವೂ ನೋಡಿಕೊಂಡ ಗುಂಪಿನಲ್ಲಿ ಸನ್ನಿ ಶೇ 32ಕ್ಕೆ ಇಳಿಯಿತು. ಎಂದಿನ ಆರೈಕೆಯಲ್ಲಿ ಅದು ಶೇ 50 ಇತ್ತು. 2001ರ ಪ್ರಯೋಗ ಇದು. ಸನ್ನಿಯಲ್ಲಿರುವ ರೋಗಿ ತುಂಬಿದ ಆತಂಕದ ಪ್ರಶ್ನಾವಳಿಗೆ ಬೆಲೆಯಿಲ್ಲ; ಒಳ್ಳೆಯ ಅಧ್ಯಯನಗಳು ಮೊದಲು ಸನ್ನಿ ಇಲ್ಲವೆಂದು ಖಚಿತಪಡಿಸಿಕೊಂಡು ನಂತರ ಹಾಳೆ ಕೊಡುತ್ತವೆ.

## ಸಹಿ ಹಾಕುವ ಮುನ್ನ

ಭಾಗವಹಿಸುವುದು, ನಡುವೆ ಬಿಟ್ಟುಬಿಡುವುದು ಎರಡೂ ರೋಗಿಯ ಇಷ್ಟ. ಬಿಟ್ಟರೂ ಆಪರೇಷನ್ನಿಗಾಗಲಿ ಎಂದಿನ ಚಿಕಿತ್ಸೆಗಾಗಲಿ ಕುಂದು ಬರಬಾರದು. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ 1964ರ ಹೆಲ್ಸಿಂಕಿ ಘೋಷಣೆಯಿಂದ ಬೆಳೆದುಬಂದ ನಿಯಮ ಇದು. ಸ್ಟ್ರೆಚರಿನ ಮೇಲೆ, ಮಂಪರಿನ ಔಷಧ ಕೊಟ್ಟ ಮೇಲೆ ತೆಗೆದುಕೊಂಡ ಸಹಿ ಸಮ್ಮತಿಯಲ್ಲ. ಯಾವ ಗುಂಪಿಗೆ ಹೋದರೂ ಎಂದಿನ ನೋವು ನಿವಾರಕ ಸಿಗುತ್ತದೆಯೇ, ಎಷ್ಟು ಸಲ ಪ್ರಶ್ನಾವಳಿ ತುಂಬಬೇಕು, ಮನೆಗೆ ಹೋದ ಮೇಲೂ ಫೋನ್ ಬರುತ್ತದೆಯೇ, ಹೆಸರನ್ನು ಉತ್ತರಗಳಿಂದ ಬೇರ್ಪಡಿಸಿ ಇಡುತ್ತಾರೆಯೇ ಎಂದು ಕೇಳಬಹುದು.

ಇನ್ನೊಂದು ಪ್ರಶ್ನೆಯನ್ನು ರೋಗಿಯ ಮನೆಯವರು ತಪ್ಪದೆ ಕೇಳಬೇಕು: ತುಂಬಿದ ಹಾಳೆಯನ್ನು ಯಾರು ಓದುತ್ತಾರೆ, ಯಾವಾಗ? ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂದು ಕೇಳುತ್ತದೆ. ಅಲ್ಲಿ 0 ಬಿಟ್ಟು ಬೇರೆ ಯಾವುದೇ ಗುರುತು ಬಿದ್ದಿದ್ದರೆ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಅದೇ ದಿನ ಒಬ್ಬರು ಬಂದು ರೋಗಿಯ ಬಳಿ ಕುಳಿತು ಮಾತಾಡಬೇಕು. ಹಾಳೆಗಳನ್ನು ಕಟ್ಟು ಕಟ್ಟಿಟ್ಟು ಆರು ತಿಂಗಳ ನಂತರ ಕಂಪ್ಯೂಟರಿಗೆ ಹಾಕುವ ಅಧ್ಯಯನದಲ್ಲಿ ಆ ಗುರುತು ಅಷ್ಟು ದಿನವೂ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.